ಹುಲ್ಲಿನ ಪರಾಗ, ಮೂರು ವರ್ಷದ ಮದ್ದು

1819ರಲ್ಲಿ ಲಂಡನ್ನಿನ ವೈದ್ಯರ ಸಭೆಯೊಂದರ ಮುಂದೆ ಜಾನ್ ಬೊಸ್ಟಾಕ್ ಒಬ್ಬ ರೋಗಿಯ ವೃತ್ತಾಂತ ಇಟ್ಟರು. ಎಂಟನೆಯ ವಯಸ್ಸಿನಿಂದ ಪ್ರತಿ ಬೇಸಿಗೆಯಲ್ಲೂ ಕಣ್ಣುರಿ, ಸಾಲು ಸೀನು, ಎದೆ ಬಿಗಿತ. ಆ ರೋಗಿ ಬೊಸ್ಟಾಕ್ ಅವರೇ. ದೋಷವನ್ನು ಅವರು ಬಿಸಿಲಿನ ಮೇಲೆ ಹೊರಿಸಿದ್ದರು. ಅದು ಹುಲ್ಲಿನ ಪರಾಗದ ಕೆಲಸವೆಂದು ತೋರಿಸಿಕೊಟ್ಟವರು ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿ. ಅವರನ್ನೂ ಇದೇ ಕಾಯಿಲೆ ಕಾಡುತ್ತಿತ್ತು. ತಮ್ಮ ಚರ್ಮವನ್ನೇ ಗೀರಿ ಪರಾಗ ಸವರಿಕೊಂಡರು. ಅಂಟು ಬಳಿದ ಗಾಜನ್ನು ಗಾಳಿಪಟಕ್ಕೆ ಕಟ್ಟಿ ಹಾರಿಸಿ, ಅದಕ್ಕೆ ಮೆತ್ತಿದ ಪರಾಗದ ಕಣಗಳನ್ನು ಎಣಿಸಿದರು. ಅವರ ಪುಸ್ತಕ ಬಂದದ್ದು 1873ರಲ್ಲಿ.

ನಮ್ಮಲ್ಲಿ ಅಲರ್ಜಿಯೆಂದರೆ ಥಟ್ಟನೆ ನೆನಪಾಗುವ ಪಾರ್ಥೇನಿಯಂ ಹುಲ್ಲಲ್ಲ, ಸೂರ್ಯಕಾಂತಿಯ ಬಳಗದ್ದು. ಇಲ್ಲಿಯ ಮಾತು ತಿಮೊಥಿಯಂಥ ಮೇವಿನ ಹುಲ್ಲಿನದು.

ಆ ತಿಮೊಥಿಯ ಪರಾಗವನ್ನೇ ಮದ್ದಾಗಿಸಿದವರು ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯ ಲೆನಾರ್ಡ್ ನೂನ್. 1911ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅವರ ಲೇಖನ ಪ್ರಕಟವಾಯಿತು. ಮಿಲಿಗ್ರಾಮಿನ ಸಾವಿರದಲ್ಲೊಂದು ಭಾಗ ಪರಾಗದಿಂದ ಇಳಿಸಿದ ಸಾರ ಅವರ ಅಳತೆಯ ಒಂದು ಯೂನಿಟ್. ಕಣ್ಣಿಗೆ ಹನಿ ಬಿಟ್ಟು ಸೂಕ್ಷ್ಮತೆ ಅಳೆದರು, ಚುಚ್ಚುಮದ್ದಿನ ಪ್ರಮಾಣವನ್ನು ಹಂತಹಂತವಾಗಿ ಏರಿಸಿದರು. ಪರಾಗದಲ್ಲಿ ವಿಷವಿದೆಯೆಂಬ ಅವರ ಊಹೆ ತಪ್ಪಾಗಿತ್ತು. ಹಿಡಿದ ದಾರಿ ಮಾತ್ರ ಸರಿಯಾಗಿತ್ತು. 1913ರಲ್ಲಿ ಕ್ಷಯ ಅವರನ್ನು ಒಯ್ದಿತು. ಗೆಳೆಯ ಜಾನ್ ಫ್ರೀಮನ್ ಕೆಲಸ ಮುಂದುವರಿಸಿದರು. 1954ರಲ್ಲಿ ಅದೇ ಆಸ್ಪತ್ರೆಯ ವಿಲಿಯಂ ಫ್ರಾಂಕ್‌ಲ್ಯಾಂಡ್ ಮತ್ತು ರೋಸಾ ಆಗಸ್ಟಿನ್, ಯಾರಿಗೆ ನಿಜವಾದ ಮದ್ದು ಸಿಕ್ಕಿದೆಯೆಂದು ವೈದ್ಯರಿಗೂ ರೋಗಿಗೂ ತಿಳಿಯದಂತೆ ಪರೀಕ್ಷೆ ನಡೆಸಿ ಇದರ ಗುಣವನ್ನು ಸಾಬೀತುಪಡಿಸಿದರು.

ಗುಣವೇನೋ ಸರಿ, ಬೆಲೆ? 1986ರವರೆಗೆ ಬ್ರಿಟನ್ನಿನಲ್ಲಿ ಆ ಪ್ರಶ್ನೆ ಅಷ್ಟಾಗಿ ಕಾಡಿರಲಿಲ್ಲ. ಊರಿನ ವೈದ್ಯರೇ ಚುಚ್ಚಿ ಕಳಿಸುತ್ತಿದ್ದರು. ಆ ವರ್ಷ ಔಷಧ ಸುರಕ್ಷತಾ ಸಮಿತಿ, 1957ರಿಂದೀಚೆಗೆ ಇಂಥ ಚುಚ್ಚುಮದ್ದುಗಳಿಂದ 26 ಜನ ಸತ್ತಿದ್ದಾರೆ ಎಂದು ಎಚ್ಚರಿಸಿತು. ಜೀವ ಉಳಿಸುವ ಸಲಕರಣೆ ಕೈಯಳತೆಯಲ್ಲಿರಬೇಕು, ಚುಚ್ಚಿದ ಮೇಲೆ ರೋಗಿಯನ್ನು ಎರಡು ಗಂಟೆ ಕೂರಿಸಿಕೊಳ್ಳಬೇಕು ಎಂದಿತು. ಸಣ್ಣ ಕ್ಲಿನಿಕ್ಕುಗಳು ಕೈಬಿಟ್ಟವು, ಚಿಕಿತ್ಸೆ ಆಸ್ಪತ್ರೆಗೆ ಸರಿಯಿತು. ಅಲ್ಲಿಂದ ಮುಂದೆ ಸೀಸೆಯ ದರದ ಜೊತೆಗೆ ಕಾಯುವ ಕುರ್ಚಿಯ ದರವೂ ಸೇರಿಕೊಂಡಿತು. ರೋಗಿ ಕಳೆದುಕೊಂಡ ಕೂಲಿಯೂ ಅದರೊಳಗೇ ಇದೆ.

ಅಲರ್ಜಿ ಗುಳಿಗೆ ಅಗ್ಗ, ನಿಜ. ಆದರೆ ಅದು ವರ್ಷವರ್ಷವೂ ಬೇಕು, ಬೇರನ್ನು ಮುಟ್ಟುವುದಿಲ್ಲ. ಬ್ರಿಟನ್ನಿನ ಶಾಲಾ ಪರೀಕ್ಷೆಗಳು ನಡೆಯುವುದು ಹುಲ್ಲು ಪರಾಗ ಉದುರಿಸುವ ದಿನಗಳಲ್ಲೇ. 1,834 ವಿದ್ಯಾರ್ಥಿಗಳನ್ನು ಗಮನಿಸಿದ 2007ರ ಅಧ್ಯಯನದಲ್ಲಿ, ಸೀನುತ್ತಾ ಬರೆದವರ ಗ್ರೇಡ್ ಇಳಿಯುವ ಸಂಭವ ಸುಮಾರು 40% ಹೆಚ್ಚಿತ್ತು. ತೂಕಡಿಕೆ ತರುವ ಗುಳಿಗೆ ನುಂಗಿ ಕೂತವರಲ್ಲಿ ಅದು ಸುಮಾರು 70%. ಹದಿನಾರರ ಹುಡುಗಿ ಕಳೆದುಕೊಂಡ ಗ್ರೇಡು ಯಾವ ಔಷಧದಂಗಡಿಯ ರಸೀದಿಯಲ್ಲೂ ಕಾಣುವುದಿಲ್ಲ.

ಹೀಗಾಗಿ ಲೆಕ್ಕವೆಲ್ಲ ಒಂದೇ ಪ್ರಶ್ನೆಗೆ ಬಂದು ನಿಂತಿತು: ಮದ್ದು ನಿಲ್ಲಿಸಿದ ಮೇಲೂ ಆರಾಮ ಉಳಿಯುತ್ತದೆಯೇ? ಸ್ಟೀಫನ್ ಡರ್ಹಮ್ ಅವರ ತಂಡ 1999ರಲ್ಲಿ ಉತ್ತರ ಕೊಟ್ಟಿತು. ಮೂರು-ನಾಲ್ಕು ವರ್ಷ ಚುಚ್ಚಿಸಿಕೊಂಡವರಿಗೆ ನಿಲ್ಲಿಸಿದ ಮೇಲೂ ಕನಿಷ್ಠ ಮೂರು ವರ್ಷ ಅದರ ಫಲ ಉಳಿದಿತ್ತು. 2006ರಲ್ಲಿ ನಾಲಿಗೆಯಡಿ ಕರಗುವ ತಿಮೊಥಿ ಗುಳಿಗೆ 'ಗ್ರಾಜಾಕ್ಸ್' ಯುರೋಪಿಗೆ ಬಂತು. ಮೊದಲ ಗುಳಿಗೆಯೊಂದನ್ನು ವೈದ್ಯರ ಮುಂದೆ ನುಂಗಿದರೆ, ಉಳಿದದ್ದನ್ನು ಮನೆಯಲ್ಲೇ ತೆಗೆದುಕೊಳ್ಳಬಹುದು. 2013ರ ಬ್ರಿಟಿಷ್ ಮೌಲ್ಯಮಾಪನದ ಪ್ರಕಾರ, ಪೂರ್ಣ ಆರೋಗ್ಯದ ಒಂದು ವರ್ಷಕ್ಕೆ 20,000ದಿಂದ 30,000 ಪೌಂಡ್ ಕೊಡಬಹುದೆಂಬ ಅಲ್ಲಿನ ಆಗಿನ ಮಿತಿಯೊಳಗೆ ಚುಚ್ಚುಮದ್ದೂ ನಾಲಿಗೆಯ ಮದ್ದೂ ಬರುವುದು ಚಿಕಿತ್ಸೆ ಶುರುವಾಗಿ ಸುಮಾರು ಆರು ವರ್ಷಕ್ಕೆ. ಎರಡೇ ವರ್ಷಕ್ಕೆ ಬಿಟ್ಟರೆ? ಡರ್ಹಮ್ ಅವರೂ ಇದ್ದ ತಂಡದ 2017ರ ಪರೀಕ್ಷೆಯಲ್ಲಿ, ಬಿಟ್ಟ ಒಂದು ವರ್ಷಕ್ಕೆ ಮದ್ದಿನವರಿಗೂ ಹುಸಿಮದ್ದಿನವರಿಗೂ ವ್ಯತ್ಯಾಸವೇ ಉಳಿದಿರಲಿಲ್ಲ.

ನೆದರ್ಲೆಂಡ್ಸಿನ ಔಷಧದಂಗಡಿಗಳ ದಾಖಲೆ ಜಾಲಾಡಿದ 2013ರ ಅಧ್ಯಯನವೊಂದರಲ್ಲಿ, ಅಲರ್ಜಿಯ ಇಂಥ ಚಿಕಿತ್ಸೆ ಶುರುಮಾಡಿದವರ ಪೈಕಿ ಮೂರು ವರ್ಷ ಮುಟ್ಟಿದವರು ನೂರಕ್ಕೆ 18 ಮಾತ್ರ. ಚುಚ್ಚುಮದ್ದಿನವರಲ್ಲಿ ಅದು 23, ನಾಲಿಗೆಯಡಿಯ ಮದ್ದಿನವರಲ್ಲಿ 7. ದುಬಾರಿಯೆನಿಸಿದ ಆ ಕಾಯುವ ಕುರ್ಚಿ, ಮನೆಯ ಕಪಾಟಿಗಿಂತ ಹೆಚ್ಚು ಜನರನ್ನು ಕೊನೆಯವರೆಗೆ ಹಿಡಿದಿಟ್ಟಿತ್ತು.