ಪೊಟರೆಯಲ್ಲಿ ಉಳಿದ ತುಡುವೆ

1992ರಲ್ಲಿ ಹೂಮಳೆ ಬಿದ್ದಾಗ ಕಳಸದ ಹತ್ತಿರದ ನಮ್ಮ ಮನೆಯಂಗಳದ ಹನ್ನೆರಡು ತುಡುವೆ ಜೇನಿನ ಪೆಟ್ಟಿಗೆಗಳೂ ಖಾಲಿ. ಒಂಬತ್ತನೇ ದಿನಕ್ಕೆ ಕಾಫಿ ತೋಟವೆಲ್ಲ ಬೆಳ್ಳಗೆ ಅರಳಿ, ಮಲ್ಲಿಗೆಯಂಥ ಆ ಘಮ ಜಗುಲಿಯವರೆಗೂ ಬಂತು. ಪೆಟ್ಟಿಗೆಗಳ ಬಾಯಲ್ಲಿ ಮಾತ್ರ ಒಂದು ಹುಳವಿಲ್ಲ. ಅಪ್ಪಯ್ಯ ಹೂವಿದ್ದ ಮೂರು ದಿನ ಅಂಗಳಕ್ಕೆ ಇಳಿಯಲೇ ಇಲ್ಲ.

ಜೇನಿನ ಮರಿ ಸಾಯತೊಡಗಿದ್ದು ಹಿಂದಿನ ವರ್ಷ. ಅಪ್ಪಯ್ಯ ಒಂದು ಎರಿಯನ್ನು ಬೆಳಕಿಗೆ ಹಿಡಿದು, ನಿಂಬೆಮುಳ್ಳಿನಿಂದ ಕಣದೊಳಗಿನ ಮರಿಯನ್ನು ಮೆಲ್ಲಗೆ ಎತ್ತಿದ್ದರು. ಇನ್ನೂ ಮುಚ್ಚಳ ಬೀಳದ ಕಣ. ಮರಿ ತಲೆಯೆತ್ತಿಕೊಂಡೇ ಸತ್ತಿತ್ತು. ಮುಳ್ಳಿನ ತುದಿಗೆ ಬಂದದ್ದು ನೀರು ತುಂಬಿದ ಪುಟ್ಟ ಚೀಲ. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಅದು ಎಂದು ಆಮೇಲೆ ತಿಳಿಯಿತು. 1991-92ರಲ್ಲಿ ದಕ್ಷಿಣ ಭಾರತದಲ್ಲಿ ಸಾಕಿದ ತುಡುವೆ ಕುಟುಂಬಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಅದಕ್ಕೆ ಬಲಿಯಾದವು.

ಅಜ್ಜನ ಕಾಲದಲ್ಲಿ ಮಡಕೆಯೋ ಟೊಳ್ಳು ದಿಮ್ಮಿಯೋ ಜೇನಿನ ಮನೆ. ಕಳೆದ ಶತಮಾನದ ಎರಡನೇ ದಶಕದಲ್ಲಿ ತಿರುಚಿರಾಪಳ್ಳಿಯ ಪಾದ್ರಿ ನ್ಯೂಟನ್ ತುಡುವೆಯ ಅಳತೆಗೆ ಒಪ್ಪುವ ಪೆಟ್ಟಿಗೆ ಮಾಡಿದರು. ಮುಂದೆ ಅಂಥವು ಘಟ್ಟದ ಮನೆಗಳಿಗೂ ಬಂದವು. ಮೂಡಿಗೆರೆಯಲ್ಲಿ ಜೇನು ಸೊಸೈಟಿಯೇ ಇತ್ತು. ತೇಜಸ್ವಿಯವರ 'ಕರ್ವಾಲೊ' ಕಾದಂಬರಿ 1980ರಲ್ಲಿ ಬಂದಾಗ, ಅದರಲ್ಲಿ ಜೇನು ಸಾಕುವ ಮಂದಣ್ಣನನ್ನು ಓದಿ ನಮ್ಮ ಪಕ್ಕದ ಮನೆಯವನನ್ನೇ ಕಂಡಂತಾಗಿತ್ತು.

ಕಾಫಿಯಲ್ಲಿ ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ರೊಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕು. ಗಾಳಿ ಒಂದಿಷ್ಟು ತರುತ್ತದೆ, ಮಿಕ್ಕದ್ದು ಹೆಜ್ಜೇನು, ತುಡುವೆ, ಮಿಸ್ರಿ ಜೇನುಗಳ ಕೆಲಸ. ಗೊತ್ತಿದ್ದೂ ನಾವು ತಪ್ಪಿದೆವು. 1990ರಲ್ಲಿ ಗೂಡಲೂರಿನಲ್ಲಿ ಕಂಡ, ಕಾಫಿ ಕಾಯಿ ಕೊರೆಯುವ ಬೆರಿ ಬೋರರ್ ಹುಳು ಇತ್ತ ಹಬ್ಬಿದ ಮೇಲೆ ಎಂಡೋಸಲ್ಫಾನ್ ಕೀಟನಾಶಕ ಹೊಡೆದೆವು. 2011ರಲ್ಲಿ ಸುಪ್ರೀಂ ಕೋರ್ಟ್ ತಡೆದಾಗಲೇ ಅದು ನಿಂತದ್ದು. ಆ ಡಬ್ಬಗಳನ್ನು ನಾನೇ ಹೊತ್ತು ತಂದಿದ್ದೆ ಎಂಬುದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ತುಡುವೆಯನ್ನು ನಾವ್ಯಾರೂ ಮರಳಿ ತಂದದ್ದಲ್ಲ. ಕೆಲವು ವರ್ಷ ಕಳೆದು, ಒಂದು ಮಧ್ಯಾಹ್ನ, ತೋಟದಂಚಿನ ಮುದಿ ಹಲಸಿನ ಪೊಟರೆಯಿಂದ ಹಿಂಡೊಂದು ಎದ್ದು ಗೊಬ್ಬರದ ಗುಂಡಿಯ ಪಕ್ಕದ ಕೊಂಬೆಗೆ ಕೂತಿತು. ರೋಗ ತಾಳಿ ಬದುಕಿದ ಕುಟುಂಬಗಳು ಕಾಡಿನ ಪೊಟರೆ, ಹುತ್ತಗಳಲ್ಲಿ ಅಲ್ಲಲ್ಲಿ ಉಳಿದಿದ್ದವು. ಅಪ್ಪಯ್ಯ ಪೆಟ್ಟಿಗೆಯೊಂದನ್ನು ಬಿಸಿಲಿಗಿಟ್ಟು, ಒಳಗೆ ಮೇಣ ಸವರಿ, ಹಿಂಡನ್ನು ಇಳಿಸಿಕೊಂಡರು. ಕೈ ನಡುಗುತ್ತಿತ್ತು.

ಈಗ ಸುತ್ತಲಿನ ತೋಟಗಳಲ್ಲಿ ಹಳೇ ನೆರಳಮರ ಹೋಗಿ ಸಿಲ್ವರ್ ಓಕ್ ನೆಟ್ಟಗೆ ನಿಂತಿದೆ. ಅದರಲ್ಲಿ ಪೊಟರೆ ಎಲ್ಲಿಂದ ಬರಬೇಕು? ನಮ್ಮ ಹಲಸನ್ನು ಕೇಳಿಕೊಂಡು ದಿಮ್ಮಿ ವ್ಯಾಪಾರಿ ಎರಡು ಸಲ ಬಂದುಹೋದ. ಕೊಟ್ಟಿಲ್ಲ. ಹೂವಿರುವಷ್ಟು ದಿನ ಔಷಧಿ ಪಂಪು ಕೊಟ್ಟಿಗೆಯಲ್ಲಿರುತ್ತದೆ, ಬೀಗದ ಕೈ ನನ್ನ ಜೇಬಿನಲ್ಲಿ.