ಜೋಳ ಉಣ್ಣುವವರ ಪೆಲಾಗ್ರ: ಟ್ರಿಪ್ಟೊಫಾನ್ ದಾರಿಯ ಕಿಣ್ವಗಳು ಮತ್ತು ಅವುಗಳ ನಿಯಂತ್ರಣ

ತೆಲಂಗಾಣದ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸೀಮೆಗೂ ಅದಕ್ಕೆ ಅಂಟಿಕೊಂಡ ಬೀದರ, ಕಲಬುರಗಿ ಜಿಲ್ಲೆಗಳಿಗೂ ನಡುವೆ ರಾಜ್ಯದ ಗಡಿ ಇದೆ, ಊಟದ ಗಡಿ ಇಲ್ಲ. ಮೊಗುಡಂಪಲ್ಲಿಯಂಥ ಊರುಗಳ ಕನ್ನಡ ಮನೆಗಳಲ್ಲಿ ಜೋಳದ ರೊಟ್ಟಿ, ತೊಗರಿ ಬ್ಯಾಳಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಒಂದೇ ತಾಟಿನಲ್ಲಿ ಕೂಡುತ್ತವೆ. ಕೈಯಲ್ಲಿ ಕಾಸಿಲ್ಲದ ಕಾಲದಲ್ಲಿ ಈ ತಾಟಿನಿಂದ ಮೊದಲು ಜಾರುವುದು ಬ್ಯಾಳಿ ಮತ್ತು ಶೇಂಗಾ. ರೊಟ್ಟಿ, ಖಾರ ಉಳಿಯುತ್ತವೆ. ದಖ್ಖನ್ನಿನ ಜೋಳದ ನಾಡಿನಲ್ಲಿ ಒಂದು ಕಾಲಕ್ಕೆ ವೈದ್ಯರು ಮತ್ತೆ ಮತ್ತೆ ಕಂಡ ಪೆಲಾಗ್ರ ರೋಗವನ್ನು ಈ ಬಡ ತಾಟಿನ ಮುಂದಿಟ್ಟೇ ಅರಿಯಬೇಕು. ಆದರೆ ‘ಆಹಾರದ ಕೊರತೆ’ ಎಂಬ ಒಂದು ಮಾತಿನಲ್ಲಿ ಅದರ ವಿವರಣೆ ಮುಗಿಯುವುದಿಲ್ಲ. ಅದು ಕಿಣ್ವಗಳ ನಿಯಂತ್ರಣ ಕೆಟ್ಟ ರೋಗವೂ ಹೌದು ಎಂಬುದು ಈ ಲೇಖನದ ವಾದ.

ಪೆಲಾಗ್ರದ ಗುರುತು ಸ್ಪಷ್ಟ. ಬಿಸಿಲು ಬೀಳುವ ಕಡೆಯೆಲ್ಲ, ಅಂದರೆ ಮುಂಗೈ, ಪಾದದ ಮೇಲ್ಭಾಗ, ಕುತ್ತಿಗೆಯ ಸುತ್ತ, ಚರ್ಮ ಕಪ್ಪಾಗಿ ಒರಟಾಗಿ ಸುಲಿಯುತ್ತದೆ. ನಾಲಿಗೆ ಕೆಂಪಾಗುತ್ತದೆ, ಭೇದಿ ಹಿಡಿಯುತ್ತದೆ, ಮಂಕು ಕವಿದು ಕೊನೆಗೆ ಬುದ್ಧಿಭ್ರಮಣೆಯಾಗುತ್ತದೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಮೆಕ್ಕೆಜೋಳವನ್ನೇ ನೆಚ್ಚಿದ ಬಡವರ ನಡುವೆ ಜೋಸೆಫ್ ಗೋಲ್ಡ್‌ಬರ್ಗರ್ 1914ರಿಂದ ಕೆಲಸ ಮಾಡಿ, ಇದು ಅಂಟುರೋಗವಲ್ಲ, ಊಟದ ರೋಗ ಎಂದು ತೋರಿಸಿದರು. 1937ರಲ್ಲಿ ಕಾನ್ರಾಡ್ ಎಲ್ವೆಹೆಮ್ ಪೆಲಾಗ್ರಕ್ಕೆ ಸಮನಾದ ನಾಯಿಗಳ ‘ಕಪ್ಪು ನಾಲಿಗೆ’ ರೋಗವನ್ನು ನಿಕೋಟಿನಿಕ್ ಆಮ್ಲದಿಂದ, ಅಂದರೆ ನಯಾಸಿನ್ನಿನಿಂದ, ವಾಸಿಮಾಡಿದರು. ಕೊರತೆಯಾದದ್ದು ನಯಾಸಿನ್ ಎಂಬುದು ಅಲ್ಲಿಗೆ ಖಚಿತವಾಯಿತು.

ಮೆಕ್ಕೆಜೋಳದ ಲೆಕ್ಕ ಸರಳ: ದೇಹ ನಯಾಸಿನ್ ತಯಾರಿಸಿಕೊಳ್ಳಲು ಬಳಸುವ ಅಮೈನೊ ಆಮ್ಲವಾದ ಟ್ರಿಪ್ಟೊಫಾನ್ ಅದರಲ್ಲಿ ಕಡಿಮೆ, ನಯಾಸಿನ್ ಇದ್ದರೂ ದೇಹಕ್ಕೆ ದಕ್ಕದ ರೂಪದಲ್ಲಿದೆ. ನಮ್ಮ ಬಿಳಿಜೋಳ ಈ ಲೆಕ್ಕಕ್ಕೆ ಬಗ್ಗಲಿಲ್ಲ. ಅದರ ಟ್ರಿಪ್ಟೊಫಾನ್ ಮೆಕ್ಕೆಜೋಳದಷ್ಟು ಕಡಿಮೆಯಲ್ಲ. ನಯಾಸಿನ್ ಪಾಲಿಶ್ ಮಾಡಿದ ಅಕ್ಕಿಯಲ್ಲಿರುವುದಕ್ಕಿಂತ ಕಡಿಮೆಯೇನಲ್ಲ. ಹಾಗಿದ್ದೂ ಅನ್ನ ಉಣ್ಣುವವರಲ್ಲಿ ಅಪರೂಪವಾದ ರೋಗ ರೊಟ್ಟಿ ಉಣ್ಣುವವರಲ್ಲಿ ಏಕೆ ಕಾಣಿಸಿತು? ಕೂನೂರಿನಲ್ಲಿ ಹುಟ್ಟಿ ಮುಂದೆ ಹೈದರಾಬಾದಿಗೆ ಬಂದ ಪೋಷಣಾ ಸಂಶೋಧನಾಲಯ, ಅಂದರೆ ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ, ಈ ಪ್ರಶ್ನೆಯನ್ನು ಎತ್ತಿಕೊಂಡಿತು. ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಟಿಯಾ 1960ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಮುಂದಿಟ್ಟ ಉತ್ತರ ಬೇರೆ ದಿಕ್ಕಿನದು. ಜೋಳದ ಪ್ರೋಟೀನಿನಲ್ಲಿ ಲ್ಯೂಸಿನ್ ಎಂಬ ಅಮೈನೊ ಆಮ್ಲ ಹೆಚ್ಚು. ಆ ಹೆಚ್ಚಳವೇ ನಯಾಸಿನ್ನಿನ ತಯಾರಿಗೆ ಅಡ್ಡ ಬರುತ್ತದೆ ಎಂದು ಅವರು ವಾದಿಸಿದರು.

ಇದನ್ನು ತೂಗಿ ನೋಡಲು ತಯಾರಿಯ ದಾರಿಯನ್ನು ತುಸು ಹತ್ತಿರದಿಂದ ಕಾಣಬೇಕು. ಸುಮಾರು 60 ಮಿಲಿಗ್ರಾಂ ಟ್ರಿಪ್ಟೊಫಾನಿನಿಂದ ದೇಹಕ್ಕೆ 1 ಮಿಲಿಗ್ರಾಂ ನಯಾಸಿನ್ ಸಿಗುತ್ತದೆ. ಮೊದಲ ಹೆಜ್ಜೆ ಯಕೃತ್ತಿನ ಟ್ರಿಪ್ಟೊಫಾನ್ ಡೈಆಕ್ಸಿಜನೇಸ್‌ನದು. ಹೀಮ್ ಕೂಡಿಕೊಂಡಾಗ ಮಾತ್ರ ಈ ಕಿಣ್ವ ಚುರುಕಾಗುತ್ತದೆ. ರಾಬರ್ಟ್ ಶಿಮ್ಕೆ ಮತ್ತು ಸಂಗಡಿಗರು 1960ರ ದಶಕದಲ್ಲಿ ಇಲಿಗಳ ಮೇಲೆ ಮಾಡಿದ ಕೆಲಸ ಇಲ್ಲಿ ಬಹು ಮುಖ್ಯ. ಕಾರ್ಟಿಸೋನ್ ಜಾತಿಯ ಹಾರ್ಮೋನು ಕೊಟ್ಟರೆ ಕಿಣ್ವ ಹೊಸದಾಗಿ ಹುಟ್ಟುವ ವೇಗ ಏರುತ್ತದೆ; ಟ್ರಿಪ್ಟೊಫಾನ್ ಕೊಟ್ಟರೆ ಹುಟ್ಟಿದ ಕಿಣ್ವ ಸವೆಯುವ ವೇಗ ಇಳಿಯುತ್ತದೆ. ಎರಡರ ಪರಿಣಾಮವೂ ಒಂದೇ: ಕಿಣ್ವದ ಪ್ರಮಾಣ ಹೆಚ್ಚುತ್ತದೆ. ಕೆಲವೇ ಗಂಟೆಗಳ ಆಯುಷ್ಯದ ಕಿಣ್ವವಾದ್ದರಿಂದ ದೇಹ ಇದನ್ನು ಹೊತ್ತಿಗೆ ತಕ್ಕಂತೆ ಏರಿಸಿ ಇಳಿಸಬಲ್ಲದು. ಕಿಣ್ವವನ್ನು ಸ್ಥಿರವಾದ ವಸ್ತುವೆಂದು ಪಾಠ ಹೇಳುವ ನಮ್ಮ ಕಾಲೇಜು ಪುಸ್ತಕಗಳಲ್ಲಿ ಈ ಪ್ರಯೋಗಕ್ಕೆ ಇನ್ನಷ್ಟು ಜಾಗ ಸಿಗಬೇಕು.

ಮುಂದಿನ ಹೆಜ್ಜೆಗಳಿಗೆ ಬೇರೆ ಜೀವಸತ್ವಗಳೇ ಸಹಕಿಣ್ವ. ಕೈನುರೆನಿನ್ ಮೊನೊಆಕ್ಸಿಜನೇಸ್‌ಗೆ ಬಿ2ರಿಂದ ಬರುವ ಎಫ್‌ಎಡಿ ಬೇಕು. ಕೈನುರೆನಿನೇಸ್‌ಗೆ ಬಿ6ರ ರೂಪವಾದ ಪಿರಿಡಾಕ್ಸಲ್ ಫಾಸ್ಫೇಟ್ ಬೇಕು. ಬಿ6 ಕುಗ್ಗಿದರೆ ಕೈನುರೆನಿನೇಸ್ ಬೇಗ ಸೋಲುತ್ತದೆ, ಪದಾರ್ಥ ಪಕ್ಕದ ದಾರಿ ಹಿಡಿದು ಜಾಂಥುರೆನಿಕ್ ಆಮ್ಲವಾಗಿ ಮೂತ್ರದಲ್ಲಿ ಹೋಗುತ್ತದೆ. ಅಂದರೆ ಒಂದು ಜೀವಸತ್ವದ ಕೊರತೆ ಇನ್ನೊಂದರ ಕೊರತೆಯನ್ನು ಹುಟ್ಟಿಸುತ್ತದೆ.

ಇನ್ನೂ ಮುಂದೆ ದಾರಿ ಕವಲೊಡೆಯುತ್ತದೆ, ಕಾಲುವೆಯ ತೂಬಿನ ಹಾಗೆ. ಅಲ್ಲಿನ ಅಸ್ಥಿರ ಪದಾರ್ಥ ಕಿಣ್ವದ ನೆರವಿಲ್ಲದೆ ತಾನಾಗಿ ಕ್ವಿನೊಲಿನಿಕ್ ಆಮ್ಲವಾಗಿ ನಯಾಸಿನ್ ಕಡೆ ಹೊರಡುತ್ತದೆ. ಆದರೆ ಪಿಕೊಲಿನೇಟ್ ಕಾರ್ಬಾಕ್ಸಿಲೇಸ್ ಚುರುಕಾಗಿದ್ದರೆ ಅದಕ್ಕೂ ಮೊದಲೇ ಹಿಡಿದು ಬೇರೆ ಕಡೆಗೆ ತಿರುಗಿಸುತ್ತದೆ. ಬೆಕ್ಕಿನ ಯಕೃತ್ತಿನಲ್ಲಿ ಈ ಕಿಣ್ವ ಬಹಳ ಇರುವುದರಿಂದಲೇ ಬೆಕ್ಕು ಟ್ರಿಪ್ಟೊಫಾನಿನಿಂದ ಸಾಕಷ್ಟು ನಯಾಸಿನ್ ಮಾಡಿಕೊಳ್ಳಲಾರದು.

ಹೈದರಾಬಾದಿನ ತಂಡ ಜನರಿಗೆ ಲ್ಯೂಸಿನ್ ಕೊಟ್ಟಾಗ ಮೂತ್ರದಲ್ಲಿ ಕ್ವಿನೊಲಿನಿಕ್ ಆಮ್ಲ ಹೆಚ್ಚಿತು. ಪದಾರ್ಥ ಅಲ್ಲಿಯವರೆಗೆ ಬಂದು, ಮುಂದಿನ ಕಿಣ್ವದ ಬಳಿ ತಡೆದಿದೆ ಎಂದು ಇದನ್ನು ಓದಬಹುದು. ಲ್ಯೂಸಿನ್‌ಗೆ ಎದುರಾಗಿ ಐಸೊಲ್ಯೂಸಿನ್ ಕೆಲಸ ಮಾಡುವುದನ್ನೂ, ಪೆಲಾಗ್ರ ರೋಗಿಗಳಲ್ಲಿ ಬಿ6ರ ಸ್ಥಿತಿ ಕೆಟ್ಟಿರುವುದನ್ನೂ ಅದೇ ಸಂಸ್ಥೆಯ ಮುಂದಿನ ಕೆಲಸ ತೋರಿಸಿತು. ಆದರೆ ಕೆನೆತ್ ಕಾರ್ಪೆಂಟರ್ ಮೊದಲಾದವರು ಹೊರದೇಶಗಳಲ್ಲಿ ಪ್ರಾಣಿಗಳಿಗೆ ಹೆಚ್ಚು ಲ್ಯೂಸಿನ್ ಉಣಿಸಿ ನೋಡಿದಾಗ ಈ ಪರಿಣಾಮ ಕಾಣಲಿಲ್ಲ. ವಿವಾದ ಅಲ್ಲಿಗೇ ನಿಂತಿದೆ ಎನ್ನುವವರಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಬಿ2, ಬಿ6, ಟ್ರಿಪ್ಟೊಫಾನ್ ಸಾಕಷ್ಟಿರುವ ದೇಹದಲ್ಲಿ ಲ್ಯೂಸಿನ್ನಿನ ಒತ್ತಡ ಕಾಣದೆ ಹೋಗಬಹುದು. ಸಹಕಿಣ್ವಗಳು ಈಗಾಗಲೇ ಬರಿದಾದ ದೇಹದಲ್ಲಿ ಅದೇ ಒತ್ತಡ ಕೊನೆಯ ಪೆಟ್ಟಾಗಬಹುದು. ತುಂಬಿದ ತಾಟಿನ ಮೇಲೆ ಮಾಡಿದ ಪ್ರಯೋಗದಿಂದ ಬರಿದಾದ ತಾಟಿನ ಬಗ್ಗೆ ತೀರ್ಪು ಕೊಡುವುದು ಸರಿಯಲ್ಲ.

ಹಾಗೆಂದು ತಪ್ಪನ್ನು ಜೋಳದ ಮೇಲೆ ಹೊರಿಸಿದರೆ ಅನ್ಯಾಯ. ಶೇಂಗಾದಲ್ಲಿ ನಯಾಸಿನ್ 100 ಗ್ರಾಂಗೆ ಸುಮಾರು 12 ಮಿಲಿಗ್ರಾಂ. ತೊಗರಿ ಟ್ರಿಪ್ಟೊಫಾನ್, ಬಿ ಜೀವಸತ್ವ ಎರಡನ್ನೂ ಕೂಡಿಸುತ್ತದೆ. ಜಹೀರಾಬಾದ್ ಹತ್ತಿರದ ಪಸ್ತಾಪುರದಲ್ಲಿ 1983ರಲ್ಲಿ ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಹೆಣ್ಣುಮಕ್ಕಳ ಸಂಘಗಳು ಜೋಳವನ್ನು ಒಂಟಿಯಾಗಿ ಬಿತ್ತದೆ, ಅಕ್ಕಡಿ ಸಾಲಿನಲ್ಲಿ ಕಾಳುಗಳ ಜೊತೆ ಬೆಳೆಯುವ ಪದ್ಧತಿಯನ್ನು ಉಳಿಸಿಕೊಂಡಿವೆ. ಜೀವರಸಾಯನದ ಕಣ್ಣಿನಿಂದ ನೋಡಿದರೆ ಆ ಹೊಲದ ಬೆಳೆಗಳ ಕೂಟವೇ ಈ ದಾರಿಯ ಕಿಣ್ವಗಳಿಗೆ ಬೇಕಾದ ಪದಾರ್ಥಗಳ ಕೂಟ. ಸಿರಿಧಾನ್ಯದ ಹೆಸರಿನಲ್ಲಿ ಜೋಳದ ಹಿಟ್ಟನ್ನಷ್ಟೇ ಮಾರುವವರು ಈ ಕೂಟವನ್ನು ಮರೆಯುತ್ತಾರೆ.

ಇಂದು ಪೆಲಾಗ್ರ ವಿರಳ. ಆದರೂ ಕುಡಿತಕ್ಕೆ ಬಿದ್ದವರಲ್ಲಿ, ಕ್ಷಯಕ್ಕೆ ಐಸೊನಿಯಜಿಡ್ ನುಂಗುವವರಲ್ಲಿ ಅದು ಕಾಣುತ್ತದೆ. ಐಸೊನಿಯಜಿಡ್ ಪಿರಿಡಾಕ್ಸಲ್ ಫಾಸ್ಫೇಟನ್ನು ಹಿಡಿದುಕೊಂಡು ಕೈನುರೆನಿನೇಸ್‌ನ ಕೈ ಕಟ್ಟುತ್ತದೆ. ರೊಟ್ಟಿ, ಖಾರದ ಮೇಲೆ ದಿನ ನೂಕುವ ಕ್ಷಯರೋಗಿಗೆ ಬಿ6 ಮಾತ್ರೆ ಕೊಟ್ಟೂ ಮುಂಗೈಯ ಚರ್ಮ ಕಪ್ಪಾಗುತ್ತಿದ್ದರೆ, ಬಿಸಿಲಿನ ಕಂದು ಎಂದು ಬಿಡದೆ ನಯಾಸಿನ್ನಿನ ಒಂದು ರೂಪವಾದ ನಯಾಸಿನಮೈಡ್ ಶುರುಮಾಡಬೇಕು.