ಅರಬ್ಬೀ ಸಮುದ್ರದ ಮೋಡಗಳು ಮತ್ತು ಕುಪ್ಪೇಲೂರು ಭಾಗದ ಮಳೆ

ರಾಣೇಬೆನ್ನೂರು ತಾಲ್ಲೂಕಿನ ಕುಪ್ಪೇಲೂರು ಹಾಗೂ ಸುತ್ತಲಿನ ಗ್ರಾಮಗಳಲ್ಲಿ ಮುಂಗಾರು ಬೆಳೆಗಳು ಬಹುಮಟ್ಟಿಗೆ ಮಳೆಯನ್ನೇ ಅವಲಂಬಿಸಿವೆ. ಉಪಗ್ರಹ ಚಿತ್ರದಲ್ಲಿ ಸಮುದ್ರದ ಮೇಲೆ ದಟ್ಟ ಮೋಡ ಕಂಡ ಮಾತ್ರಕ್ಕೆ ಬಿತ್ತನೆ ಕೈಗೊಂಡಲ್ಲಿ ಬೀಜ, ಗೊಬ್ಬರ ನಷ್ಟವಾಗುವ ಸಂಭವವಿರುತ್ತದೆ. ಆದ್ದರಿಂದ ರೈತರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

1. ಪರಿಸರಣ ಎಂದರೇನು?

ಕೆಳಗಿನ ಗಾಳಿಯು ಬಿಸಿಯಾಗಿ ಮೇಲೇರುವುದು ಹಾಗೂ ಮೇಲಿನ ತಂಪು ಗಾಳಿಯು ಕೆಳಗಿಳಿಯುವುದಕ್ಕೆ ಪರಿಸರಣ ಎನ್ನುತ್ತಾರೆ. ಮೇಲೇರಿದ ಗಾಳಿಯಲ್ಲಿನ ನೀರಾವಿಯು ತಣಿದು ಮೋಡವಾಗುತ್ತದೆ. ಗಾಳಿ ಇಳಿಯುವೆಡೆ ಆಕಾಶವು ತಿಳಿಯಾಗಿರುತ್ತದೆ.

2. ಸಮುದ್ರದ ಮೇಲೆ ಮೋಡಗಳ ವಿನ್ಯಾಸ

- ತಂಪು ಗಾಳಿಯು ಬೆಚ್ಚನೆಯ ನೀರಿನ ಮೇಲೆ ಬೀಸಿದಾಗ ಮೋಡಗಳು ಸಾಲುಗಳಾಗಿ ಅಥವಾ ಜೇನುಗೂಡಿನ ಕೋಣೆಗಳಂತೆ ಜೋಡಣೆಗೊಳ್ಳುತ್ತವೆ. ಒಂದೊಂದು ಕೋಣೆಯ ಅಗಲ ಹತ್ತಾರು ಕಿ.ಮೀ. ಇರಬಹುದು. ಇವು ಹೆಚ್ಚು ಎತ್ತರಕ್ಕೆ ಬೆಳೆಯದ ಮೋಡಗಳಾಗಿದ್ದು, ಭಾರೀ ಮಳೆ ತರುವುದಿಲ್ಲ.
- ನೀರಿನ ಮೇಲ್ಮೈ ಉಷ್ಣತೆ ಸುಮಾರು 28 ಡಿಗ್ರಿ ಸೆಲ್ಸಿಯಸ್ ಮೀರಿದಲ್ಲಿ, ಗುಡುಗು ಸಹಿತ ಮಳೆ ಸುರಿಸುವ ಎತ್ತರದ ರಾಶಿ ವೃಷ್ಟಿ ಮೋಡಗಳು ಬೆಳೆಯುವ ಸಾಧ್ಯತೆ ಹೆಚ್ಚು.
- ಮುಂಗಾರಿನಲ್ಲಿ ಸೋಮಾಲಿಯಾ ತೀರದ ಬಳಿ ಆಳದ ತಣ್ಣೀರು ಮೇಲೆ ಬರುತ್ತದೆ. ಈ ಕಾರಣದಿಂದ ಅಲ್ಲಿ ಎತ್ತರದ ಮೋಡಗಳು ವಿರಳ. ಭಾರತದ ಪಶ್ಚಿಮ ಕರಾವಳಿಯ ಕಡೆಗೆ ಹೆಚ್ಚು.
- ನೆಲಕ್ಕಿಂತ ನೀರು ನಿಧಾನವಾಗಿ ಕಾದು, ನಿಧಾನವಾಗಿ ಆರುತ್ತದೆ. ಹೀಗಾಗಿ ಮಳೆಮೋಡಗಳು ಸಾಮಾನ್ಯವಾಗಿ ಕಡಲ ಮೇಲೆ ತಡರಾತ್ರಿ ಮತ್ತು ಬೆಳಗಿನ ಜಾವ, ನೆಲದ ಮೇಲೆ ಮಧ್ಯಾಹ್ನದ ನಂತರ ಬಲಗೊಳ್ಳುತ್ತವೆ.

3. ಕುಪ್ಪೇಲೂರು ಭಾಗದ ಸ್ಥಿತಿ

ಕಡಲಿನಿಂದ ಬಂದ ತೇವಾಂಶದ ಬಹುಪಾಲು ಪಶ್ಚಿಮ ಘಟ್ಟಗಳಲ್ಲಿಯೇ ಮಳೆಯಾಗಿ ಸುರಿಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಅಧಿಕ ಮಳೆಯಾಗುತ್ತದೆ. ಘಟ್ಟದ ಪೂರ್ವಕ್ಕೆ, ಮಳೆ ನೆರಳಿನಲ್ಲಿರುವ ರಾಣೇಬೆನ್ನೂರು ತಾಲ್ಲೂಕಿಗೆ ಅದರ ಅಲ್ಪಾಂಶ ಮಾತ್ರ ದೊರೆಯುತ್ತದೆ. ಏಪ್ರಿಲ್-ಮೇ ತಿಂಗಳುಗಳಲ್ಲಿ ಇಲ್ಲಿನ ನೆಲವೇ ಕಾದು ಮಧ್ಯಾಹ್ನದ ನಂತರ ಗುಡುಗು ಮಳೆಯಾಗುವುದುಂಟು. ಇಂತಹ ಮಳೆ ಒಂದು ಊರಿಗೆ ಬಿದ್ದು ಪಕ್ಕದ ಊರಿಗೆ ಬೀಳದಿರಬಹುದು.

4. ರೈತರು ಗಮನಿಸಬೇಕಾದ ಅಂಶಗಳು

- 2024ರ ಫೆಬ್ರವರಿಯಲ್ಲಿ ಉಡಾವಣೆಗೊಂಡ ಇನ್ಸಾಟ್-3ಡಿಎಸ್ ಮುಂತಾದ ಉಪಗ್ರಹಗಳ ಚಿತ್ರಗಳನ್ನು ಭಾರತೀಯ ಹವಾಮಾನ ಇಲಾಖೆಯ ಮುನ್ಸೂಚನೆಯೊಂದಿಗೆ ಮಾತ್ರ ಪರಿಗಣಿಸತಕ್ಕದ್ದು.
- ಭೂಮಿ ಸಾಕಷ್ಟು ಹಸಿಯಾದ ನಂತರವೇ ಬಿತ್ತನೆ ಮಾಡುವುದು.
- ಗುಡುಗು ಕೇಳಿಸಿದ ಕೂಡಲೇ ಹೊಲದ ಕೆಲಸ ನಿಲ್ಲಿಸಿ ಪಕ್ಕಾ ಕಟ್ಟಡದೊಳಗೆ ತೆರಳುವುದು. ಮರದ ಕೆಳಗೆ ನಿಲ್ಲಬಾರದು. ಸಿಡಿಲಿನ ಮುನ್ನೆಚ್ಚರಿಕೆಗೆ 'ದಾಮಿನಿ' ಮೊಬೈಲ್ ಆ್ಯಪ್ ಬಳಸಬಹುದು.
- ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಡಿ ನೋಂದಾಯಿಸಿದ ಬೆಳೆಗೆ ಆಲಿಕಲ್ಲು ಮಳೆ ಅಥವಾ ಸಿಡಿಲಿನ ಬೆಂಕಿಯಿಂದ ಹಾನಿಯಾದಲ್ಲಿ 72 ಗಂಟೆಗಳೊಳಗೆ ವಿಮಾ ಸಂಸ್ಥೆ, ಬ್ಯಾಂಕ್ ಅಥವಾ ಕೃಷಿ ಇಲಾಖೆಗೆ ತಿಳಿಸತಕ್ಕದ್ದು.